ವರ್ಗದ ಮ್ಯಾಲ ಭಂಡಾರ

ಹೈಸ್ಕೂಲಿನ್ಯಾಗ ಪಾಲಕರ ಸಭಾ ಇತ್ತು. ಅರ್ಧವಾರ್ಷಿಕ ಪರೀಕ್ಷಾದಾಗ ನಮ್ಮ ಮಗಳು ಪಹಿಲಾ ನಂಬರ್ ಬಂದಿದ್ದಳು. ಕುರಿ ಕಾಯೋ ನನ್ನ ಗಂಡ ಚೀಲದಾಗ ಭಂಡಾರ ಒಯ್ದಿದ್ದ. ದೇವರ ಅರಿಷಿಣ ಅದು. ಮಗಳ ಹಣಿಗಿ ಒಂದೀಟು ಹಚ್ಚು ಅಂತ ಹೇಳೇ ಕರಕೊಂಡು ಹೋಗಿದ್ದೆ. ಅಂವಾ ಬೊಗಸಿ ತುಂಬ ತಗೊಂಡು ಇಡೀ ವರ್ಗದ ಮ್ಯಾಲ ಹಾರಿಸಿಬಿಟ್ಟ. ಹೆಡ್‌ಮಾಸ್ತರ ಬಿಳಿ ಅಂಗಿ ಹಳದಿ ಆತು. ಭೂಮಿ ಬಾಯಿ ಬಿಡಬಾರದೇನು ಅನಸ್ತು ನನಗ.

ನಮ್ಮೂರು ಮುಚ್ಚಂಡಿಗೆ ಹೊಳ್ಳಿ ಹೋಗೋ ಹಾದ್ಯಾಗ ಬೈದೆ. "ಪಹಿಲಾ ಬಂದಾಕಿ ನಮ್ಮ ಮಗಳು. ಎಲ್ಲಾರ ಮ್ಯಾಲ ಯಾಕ ಹಾರಿಸಿದಿ?"

"ಭಂಡಾರ ಹಿಂಡಿನ ಮ್ಯಾಲ ಹಾರಸ್ತೀವಿ. ಒಂದ ಕುರಿ ಆರಿಸಿ ಹಾರಸ್ತೀವೇನು?" ಅಂದ.

ಸಿಟ್ಟೇನು ಇಳದಿರಲಿಲ್ಲ. ಆದರ ನಮ್ಮ ಮುಂದ ಗಣಿತದಾಗ ನಪಾಸಾದ ಮಗ್ಗಲಮನಿ ಹುಡುಗಿ ಹೊಂಟಿದ್ದಳು. ಕೂದಲದಾಗಿನ ಭಂಡಾರ ಅಕಿ ಝಾಡಿಸಿರಲೇ ಇಲ್ಲ.