ಫೂರ್ನಿಯೆಯ ಲೆಕ್ಕ

ಅಮೆರಿಕದ ಲಿನ್‌ವುಡ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕ ಫೂರ್ನಿಯೆಗೆ ಒಂದು ಹಲೋ ಎಂದರೆ ಸಾಕು, ತನ್ನ ಮನೆತನದ ಹೆಸರಿನ ಪುರಾಣ ಬಿಚ್ಚುತ್ತಾನೆ. ಹಿಂದೆ ಫ್ರಾನ್ಸಿನಲ್ಲಿ ರೊಟ್ಟಿ ಸುಡಲು ಊರಿಗೆಲ್ಲ ಒಂದೇ ಒಲೆಯಂತೆ, ಅದನ್ನು ನೋಡಿಕೊಳ್ಳುವವನೇ ಫೂರ್ನಿಯೆಯಂತೆ. ಈಗ ಆ ಹೆಸರಿನವರು ಅಲ್ಲಿ ಸಾವಿರಾರು, ಕೆನಡಾದಲ್ಲೂ ಸಾವಿರಾರು. ಒಳಗೆ ನನ್ನ ಹಾಲು ಉಕ್ಕಿ ಹರಿದರೂ ಅವನ ಲೆಕ್ಕ ಮುಗಿಯದು. “ಅಮ್ಮ, ನೀನು ತಲೆಯಾಡಿಸ್ಬೇಡ, ಇನ್ನೂ ಹೇಳ್ತಾರೆ,” ಎಂದು ಅವನ ಮಾತನ್ನು ನನಗೆ ಕನ್ನಡದಲ್ಲಿ ಹೇಳುವ ಮಗಳು ಮೈತ್ರಿ ಗೊಣಗುತ್ತಾಳೆ. ನಿನ್ನೆ ನನಗೂ ರೇಗಿ, “ಈ ಊರಲ್ಲಿ ಆ ಹೆಸರಿನವರು ಎಷ್ಟು ಜನ, ಅಷ್ಟು ಹೇಳಿ ಮುಗಿಸು ಅನ್ನೇ,” ಎಂದೆ. ಅವನು ತಡವರಿಸದೆ “ಇಬ್ಬರು” ಎಂದ. ಅವನಿಗೆ ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ವರ್ಷವಾಗಿದೆ. ಮೈತ್ರಿ ನನ್ನ ಮುಖ ನೋಡಿದಳು. “ಉಳಿದ ಅಮೆರಿಕದ ಲೆಕ್ಕ ಕೇಳ್ತಿರು, ಕಾಫಿ ತರ್ತೀನಿ,” ಎಂದೆ.