ಬ್ರೇಕ್ ದೀಪ ನೋಡಲು ಇಬ್ಬರು ಬೇಕು

ಮೂವತ್ತೊಂದು ವರ್ಷ ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಿದವನು ನಾನು. ಅಂಥ ನನ್ನ ಮನೆಯ ಅಂಬಾಸಿಡರ್ ಕಾರಿನಲ್ಲಿ, ಹೋದ ಚಳಿಗಾಲದಲ್ಲಿ, ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಹತ್ತುವ ಬದಲು ನಂಬರ್ ಪ್ಲೇಟಿನ ದೀಪ ಆರುತ್ತಿತ್ತು. ಬಲಕ್ಕೆ ಇಂಡಿಕೇಟರ್ ಹಾಕಿದರೆ ಎಡಗಡೆಯದೂ ಮಿಣಮಿಣ ಅನ್ನುತ್ತಿತ್ತು. ಇಂಥದ್ದನ್ನು ನಾಲ್ಕು ಜನರ ಮುಂದೆ ನಗುತ್ತಾ ಹೇಳಿಕೊಳ್ಳುವ ಪುಣ್ಯಾತ್ಮರಿದ್ದಾರೆ. ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಯಾರ ಮೇಲೆ ಎಂದು ಕೇಳಿ. ಮೊದಲನೆಯದಾಗಿ, ವೈರಿನ ಎರಡು ತುದಿಗಳನ್ನು ಬೆರಳಲ್ಲಿ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿ, "ಏನೂ ಆಗಲ್ಲ ಬಿಡಿ ಸಾರ್" ಅನ್ನುವವರ ಮೇಲೆ. ಈ ದೇಶದಲ್ಲಿ ಕಪ್ಪು ಟೇಪಿನ ಅಡಿಯಲ್ಲಿ ಏನೇನು ಮುಚ್ಚಿಟ್ಟಿದೆಯೋ ಆ ದೇವರೇ ಬಲ್ಲ. ಆಮೇಲೆ, ನೀರಿನ ಪೈಪನ್ನು ಇಂಜಿನ್ನಿನೊಳಕ್ಕೇ ಹಿಡಿದು ಕಾರಿಗೆ ಅಭ್ಯಂಜನ ಮಾಡಿಸುವ ವಾಟರ್ ಸರ್ವಿಸಿನವರ ಮೇಲೆ. ಅದಾದ ಮೇಲೆ ನನ್ನ ಬಾಮೈದನ ಮೇಲೆ. ಅವನು ವಾರಕ್ಕೊಮ್ಮೆ ಫೋನು ಮಾಡಿ, "ಭಾವ, ಸೋಂಪುರದ ಕಡೆ ಒಬ್ಬ ಗುಜರಿಯೋನು ಒಳ್ಳೆ ರೇಟ್ ಕೊಡ್ತಾನಂತೆ, ತಳ್ಬಿಡಿ ಅತ್ಲಾಗೆ" ಅನ್ನುತ್ತಾನೆ. ತಳ್ಳಲಿಕ್ಕೆ ಅದು ನನ್ನ ಕಾರಲ್ಲ, ಅವನ ಅಕ್ಕನದು.

ಹೌದು, ಕಾರು ನನ್ನ ಹೆಂಡತಿ ವಿಮಲಳದು. ನಮ್ಮ ತಾಲ್ಲೂಕಿನದೇ ಮಧುರೆಯ ಕಡೆ ನರ್ಸಾಗಿದ್ದಾಗ ಅವಳು ತನ್ನ ಸಂಬಳದಲ್ಲಿ ಕೊಂಡದ್ದು, ಅವಳೇ ಓಡಿಸುವುದು. ಅತ್ತಕಡೆಯ ಹಳ್ಳಿಗಳಲ್ಲಿ ಎಷ್ಟೋ ಬಾಣಂತಿಯರು ಆ ಹಿಂದಿನ ಸೀಟಿನಲ್ಲಿ ಕೂಸು ಎತ್ತಿಕೊಂಡು ಮನೆಗೆ ಹೋಗಿದ್ದಾರೆ. ನನಗೆ ಡ್ರೈವಿಂಗ್ ಬರುವುದಿಲ್ಲ. ಕಲಿಯಲು ಹೋಗಿ ಪಕ್ಕದ ಮನೆಯ ಕಾಂಪೌಂಡಿಗೆ ಗುದ್ದಿದ ಮೇಲೆ ನಮ್ಮಿಬ್ಬರಲ್ಲಿ ಒಪ್ಪಂದವಾಯಿತು: ಓಡಿಸುವುದು ಅವಳು, ನೋಡಿಕೊಳ್ಳುವುದು ನಾನು. ಇಂಥ ಹಳೆಯ ಕಾರುಗಳನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಓ ಇನ್ಸ್‌ಪೆಕ್ಟರಿಗೆ ತೋರಿಸಿ ನೋಂದಣಿ ಮುಂದುವರಿಸಿಕೊಳ್ಳಬೇಕು. ದೀಪ ಹತ್ತದಿದ್ದರೆ ಪಾಸಾಗುವುದಿಲ್ಲ, ಪಾಸಾಗದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ, ಆಮೇಲೆ ಬಾಮೈದ ಹೇಳಿದ ಗುಜರಿಯೇ ಗತಿ. ತಪಾಸಣೆಗೆ ಇನ್ನು ಹನ್ನೆರಡು ದಿನ ಇತ್ತು.

ರೋಗ ಎಲ್ಲಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಈ ಕಾಲದ ಕಾರಿನಲ್ಲಿ ಏನಾದರೂ ಕೆಟ್ಟರೆ ಕಂಪ್ಯೂಟರನ್ನು ಕೇಳಬೇಕು. ನಮ್ಮ ಕಾರಿನಲ್ಲಿ ಕೆಡುವುದು ಮುಕ್ಕಾಲು ಪಾಲು ಜೋಡಣೆ. ವೈರಿಗೆ ವೈರು ಸೇರುವ ಕಡೆ ಹಿತ್ತಾಳೆಯ ಪುಟ್ಟ ಗುಂಡು, ಅದು ಹೋಗಿ ಕೂರಲು ಒಂದು ಪುಟ್ಟ ಕೊಳವೆ, ಅಷ್ಟೆ. ಅದಕ್ಕೆ ಕನೆಕ್ಟರ್ ಎನ್ನುತ್ತಾರೆ. ಹೊರಗಿನಿಂದ ಗಟ್ಟಿಯಾಗಿ ಕೂತಂತೆ ಕಾಣುತ್ತದೆ, ಎಳೆದರೂ ಬರುವುದಿಲ್ಲ, ಆದರೆ ಒಳಗೆ ಕಿಲುಬು ಹಿಡಿದು ಕರೆಂಟು ದಾಟುವುದಿಲ್ಲ. ಕಿಲುಬು ಎಂಬುದು ಎಂಥ ಮಾತು ನೋಡಿ. ಕಬ್ಬಿಣಕ್ಕೆ ಹಿಡಿದರೆ ತುಕ್ಕು, ತಾಮ್ರ ಹಿತ್ತಾಳೆಗಾದರೆ ಕಿಲುಬು. ನಮ್ಮ ಹಿರಿಯರು ಲೋಹ ನೋಡಿ ಕಾಯಿಲೆಗೆ ಹೆಸರಿಟ್ಟರು. ತುಕ್ಕು ಕಾಣುವ ಹಾಗೆ ತಿನ್ನುತ್ತದೆ. ಕಿಲುಬು ಸಂದಿಯಲ್ಲಿ ಕೂತು ಹಸಿರಾಗಿ ಬೆಳೆಯುತ್ತದೆ.

ಈಗ ಕಿಲುಬು ಬರಿಸಿದವರು ಯಾರು? ಆಯುಧಪೂಜೆಯ ದಿನ ವಿಮಲ ಸ್ಟೀರಿಂಗಿಗೆ ವಿಭೂತಿ, ಚಕ್ರಗಳಿಗೆ ನಿಂಬೆಹಣ್ಣು ಮುಗಿಸಿ, ಬಾನೆಟ್ ಎತ್ತಿಸಿ, ಬ್ಯಾಟರಿಗೊಂದು ಬೊಟ್ಟು, ಫ್ಯೂಸ್ ಬಾಕ್ಸಿಗೊಂದು ಬೊಟ್ಟು ಕುಂಕುಮ ಇಟ್ಟಿದ್ದಳು. ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆಯಲು ಹೋದಾಗ ಅದರ ಮೇಲೆ ಆ ಕೆಂಪು ಕಂಡಿತು. ನನಗೆ ಇನ್ನೇನು ಬೇಕು? ಅಂಗಳದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಪಾಠ ಶುರುಮಾಡಿದೆ. ಕುಂಕುಮದಲ್ಲಿ ಸುಣ್ಣವಿದೆ, ಸುಣ್ಣ ತೇವ ಎಳೆಯುತ್ತದೆ, ಓದಿದವರೇ ಹೀಗೆ ಮಾಡಿದರೆ ಮಿಕ್ಕವರಿಗೆ ಏನು ಹೇಳುವುದು, ಇತ್ಯಾದಿ. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತಾ? ಇನ್ಮೇಲೆ ನಿಮ್ ಕಾರನ್ನ ನೀವೇ ನೋಡ್ಕಳಿ" ಎಂದು ಒಳಗೆ ಹೋದಳು. "ನಿಮ್ ಕಾರು" ಎಂದದ್ದು ನಾಟಿತು. ಆವತ್ತಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದೂ ತಟ್ಟೆಯ ಸದ್ದಿನಲ್ಲೇ.

ನನ್ನ ಸಿಟ್ಟೇನೂ ಕಡಿಮೆಯಾಗಲಿಲ್ಲ. ಒಬ್ಬನೇ ರಿಪೇರಿ ಮಾಡಿ ತೋರಿಸುತ್ತೇನೆ ಎಂದು ಹಟ ತೊಟ್ಟೆ. ಆಗ ಒಂದು ಸತ್ಯ ತಿಳಿಯಿತು. ಬ್ರೇಕ್ ಪೆಡಲು ಮುಂದಿದೆ, ಬ್ರೇಕ್ ದೀಪ ಹಿಂದಿದೆ, ಮನುಷ್ಯನಿಗೆ ದೇಹ ಒಂದೇ. ಮೂರು ದಶಕ ಪ್ರಯೋಗಶಾಲೆಯಲ್ಲಿ ಕಳೆದವನು ಇಷ್ಟಕ್ಕೆಲ್ಲ ಸೋಲುತ್ತಾನೆಯೇ? ಹಿತ್ತಿಲಿನಿಂದ ರುಬ್ಬುಗುಂಡು ಹೊತ್ತು ತಂದು ಪೆಡಲಿನ ಮೇಲೆ ಕೂರಿಸಿದೆ. ಹಿಂದಕ್ಕೆ ಓಡುವಷ್ಟರಲ್ಲಿ ಅದು ಉರುಳಿತು. ಮತ್ತೆ ಕೂರಿಸಿದೆ, ಮತ್ತೆ ಓಡಿದೆ. ನಾಲ್ಕನೆಯ ಸಲ ಅದು ನನ್ನ ಕಾಲಿನ ಹೆಬ್ಬೆರಳ ಮೇಲೇ ಬಿತ್ತು. ವಿಮಲ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಆದರೆ ಸುಲಿಯುವ ಕೈ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ.

ಕುಂಟುತ್ತಾ ಖಲೀಲ್ ಸಾಬರ ಅಂಗಡಿಗೆ ಹೋದೆ. ಪೇಟೆಯಲ್ಲಿ ಕಪ್ಪು ಟೇಪು ಮುಟ್ಟದ ಎಲೆಕ್ಟ್ರೀಷಿಯನ್ ಅವರೊಬ್ಬರೇ. ಮನೆಗೆ ಬಂದು ಡಿಕ್ಕಿಯೊಳಗೆ ತಲೆ ತೂರಿಸಿ ಒಂದು ಕನೆಕ್ಟರ್ ಎಳೆದರು. ಹಸಿರು ಪುಡಿ ಉದುರಿತು. ಇನ್ನೊಂದು ಎಳೆದರು. ಕುಂಕುಮದ ಕಥೆಯನ್ನು ನಾನು ಆವೇಶದಿಂದ ಹೇಳುತ್ತಲೇ ಇದ್ದೆ.

"ಕುಂಕುಮ ಅಲ್ಲಿ ಮುಚ್ಚಳದ ಮೇಲೈತೆ ಮೇಷ್ಟ್ರೇ, ಅದು ಯಾರಿಗೇನು ಮಾಡ್ತದೆ?" ಎಂದರು ಸಾಬರು. ಕನೆಕ್ಟರನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಸೂಜಿಯಿಂದ ಅದರೊಳಗೆ ಕೆದಕಿ ಕಂದು ಬಣ್ಣದ ಒಂದು ಎಳೆಯನ್ನು ಅಂಗೈ ಮೇಲಿಟ್ಟುಕೊಂಡರು. "ಇದೇನ್ರೀ ಇದು? ಹುಣಸೆ ನಾರು! ಯಾ ಅಲ್ಲಾ, ಕಾರೊಳಗೆ ಸಾರು ಮಾಡಿದ್ದು ಯಾರು?"

ನಾನು ಆಕಾಶ ನೋಡಿದೆ.

ಓದುಗ ಮಹಾಶಯರೇ, ನಿಮ್ಮಲ್ಲಿ ಮುಚ್ಚಿಡುವುದೇನು? ಹಬ್ಬದ ಹಿಂದಿನ ದಿನ ವಿಮಲ ನಲ್ಲಿಯ ಹತ್ತಿರ ಕೂತು ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಚಿನ್ನದ ಹಾಗೆ ಹೊಳೆದವು. ಕನೆಕ್ಟರೂ ಹಿತ್ತಾಳೆಯೇ ಅಲ್ಲವೇ ಎಂದು ನನ್ನ ವಿಜ್ಞಾನದ ತಲೆಗೆ ಹೊಳೆಯಿತು. ಅಡುಗೆಮನೆಯ ಡಬ್ಬಿಯಿಂದ ಒಂದು ಉಂಡೆ ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು ತೆಗೆದುಕೊಂಡು ಹೋಗಿ ಇದ್ದಬದ್ದ ಕನೆಕ್ಟರುಗಳನ್ನೆಲ್ಲ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಸಿಕ್ಕಿಸಿದೆ. ಅವಳು ದೀಪಗಳನ್ನು ಮೂರು ನೀರಿನಲ್ಲಿ ತೊಳೆದು ಒಣಗಿಸುತ್ತಾಳೆ ಎಂಬುದನ್ನು ನೋಡುವ ಮೊದಲೇ ಎದ್ದುಹೋಗಿದ್ದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬಾರದೆಂದು ಓದು ಬಾರದ ನನ್ನ ಅಜ್ಜಿಗೆ ಗೊತ್ತಿತ್ತು. ಅದು ಯಾಕೆ ಎಂದು ಬೋರ್ಡಿನ ಮೇಲೆ ಸೂತ್ರ ಬರೆದು ಹೇಳಿಕೊಡುತ್ತಿದ್ದವನು ನಾನು. ನನ್ನ ಮೇಲೆ ನನಗೆ ಬಂದ ಸಿಟ್ಟಿನ ಮುಂದೆ ವಾಟರ್ ಸರ್ವಿಸಿನವರ ಮೇಲಿನದು ಏನೇನೂ ಅಲ್ಲ. ಆದರೂ ಸಾಬರಿಗೆ, "ಇಲಿ ತಂದಿಟ್ಟಿರಬೇಕು" ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಒಳ್ಳೆ ಇಲಿ" ಎಂದು ಕೆಲಸ ಮುಂದುವರಿಸಿದರು.

ಎರಡು ದಿನ ಹಿಡಿಯಿತು. ತಿಂದುಹೋದವನ್ನು ಬದಲಿಸಿ, ಉಳಿದವನ್ನು ಉಜ್ಜುಕಾಗದದಲ್ಲಿ ತಿಕ್ಕಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಗ್ರೀಸು ಸವರಿ ಸೇರಿಸಿದರು. ವರ್ಷಕ್ಕೊಂದು ಸಲ ಬಿಚ್ಚಿ ನೋಡಬೇಕು ಎಂದರು. ಹೊರಡುವಾಗ, "ನಾಳೆ ಹೋಗೋಕೆ ಮುಂಚೆ ಬ್ರೇಕ್ ಲೈಟ್ ಒಂದ್ಸಲ ನೋಡ್ಕಳಿ. ಅಮ್ಮಾರನ್ನ ಕೂರಿಸ್ಕಂಡು ನೋಡಿ. ಗುಂಡುಕಲ್ಲು ಇಡಬ್ಯಾಡಿ" ಎಂದರು. ಕಾರಿನ ಪಕ್ಕ ಬಿದ್ದಿದ್ದ ರುಬ್ಬುಗುಂಡೂ ನನ್ನ ಹೆಬ್ಬೆರಳಿನ ಬ್ಯಾಂಡೇಜೂ ಅವರಿಗೆ ಕಂಡಿದ್ದವು.

ಕಾರು ಪಾಸಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ, ನೀವು ಉಸಿರು ಬಿಗಿಹಿಡಿಯಬೇಕಾಗಿಲ್ಲ. ನನಗೆ ಉಸಿರು ಕಟ್ಟಿದ್ದು ಆರ್‌ಟಿಓ ಕಚೇರಿಯಲ್ಲಿ ಅಲ್ಲ, ಆ ಬೆಳಿಗ್ಗೆ ನಮ್ಮ ಅಂಗಳದಲ್ಲಿ. ಕಾರಿನ ಹಿಂದೆ ಹೋಗಿ ಸುಮ್ಮನೆ ನಿಂತೆ. ವಿಮಲ ಕೈ ಒರೆಸಿಕೊಳ್ಳುತ್ತಾ ತಾನಾಗಿಯೇ ಬಂದು ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದಳು. ಎರಡೂ ದೀಪ ಕೆಂಪಗೆ ಹತ್ತಿಕೊಂಡವು.

"ಬಂತಾ?" ಎಂದಳು, ಕನ್ನಡಿಯಲ್ಲಿ ನೋಡುತ್ತಾ. ಹನ್ನೊಂದು ದಿನಗಳ ಮೇಲೆ ಆಡಿದ ಮೊದಲ ಮಾತು.

ಬಂತು ಎಂದಷ್ಟೇ ಹೇಳಿದ್ದರೂ ನಡೆಯುತ್ತಿತ್ತು. "ಬಂತು. ವಿಮಲಾ, ಅದು ಕುಂಕುಮ ಅಲ್ಲ ಕಣೇ. ಹುಣಸೆಹಣ್ಣು ಹಚ್ಚಿದ್ದು ನಾನೇ" ಎಂದೆ.

"ಗೊತ್ತು" ಎಂದಳು. "ಹಬ್ಬದ್ ದಿನ ಹುಳಿಯನ್ನಕ್ಕೆ ಡಬ್ಬಿ ತೆಗೆದ್ರೆ ಮೇಲೆಲ್ಲ ಗ್ರೀಸಿನ ಬೆರಳಚ್ಚು, ಆಗ್ಲೇ ಗೊತ್ತಾಯ್ತು. ಈಗ ಎಡಗಡೆ ಇಂಡಿಕೇಟರ್ ಹಾಕ್ತೀನಿ, ಸರಿಯಾಗ್ ನೋಡಿ ಹೇಳಿ."