ಆಂಟೆನಾಗೆ ಕಟ್ಟಿದ ಹಾರ

ವಿಶಾಖಪಟ್ಟಣದ ರಾಡಾರ್ ಕೇಂದ್ರದಲ್ಲಿ ನನ್ನ ಕೆಲಸ ಸುಲಭದ್ದು. ಕಟ್ಟಡದ ಮೇಲೆ ತಿರುಗುವ ಆಂಟೆನಾ ಆಕಾಶಕ್ಕೆ 'ಯಾರು ನೀನು?' ಎಂದು ಕೇಳುತ್ತದೆ. ವಿಮಾನದೊಳಗಿನ ಪೆಟ್ಟಿಗೆ ತನ್ನ ನಂಬರು ಹೇಳುತ್ತದೆ. ಪ್ರಶ್ನೆ ಆಂಟೆನಾ ಮುಖ ಮಾಡಿದ ದಿಕ್ಕಿಗೇ ಹೋಗಬೇಕು. ಪಕ್ಕಕ್ಕೆ ಸೋರಿದರೆ ಒಂದೇ ವಿಮಾನ ಪರದೆಯ ಮೇಲೆ ಎರಡು ಕಡೆ ಕಾಣುತ್ತದೆ. ಸೋರುತ್ತಿದೆಯೇ ಎಂದು ನೋಡಲು ನಾನು ಅಳತೆಯ ಯಂತ್ರ ಹೊತ್ತು ಸಿಂಹಾಚಲಂ ಕಡೆಯ ಗುಡ್ಡವೊಂದರ ಮೇಲೆ ಹೋಗಿ ಕೂರುತ್ತಿದ್ದೆ. ಧಾರವಾಡದಿಂದ ಬಂದು ಆರು ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್.

ಆಂಟೆನಾದ ಉಸ್ತುವಾರಿ ಮಂಡ್ಯ ಕಡೆಯ ಒಬ್ಬ ಹಿರಿಯರದು. ಹನ್ನೊಂದು ವರ್ಷದಿಂದ ಬೆಂಗಳೂರಿಗೆ ವರ್ಗ ಕೇಳುತ್ತಿದ್ದರು. ಆ ವರ್ಷ ಸಿಗುವುದರಲ್ಲಿತ್ತು. ಅವರ ಹೆಂಡತಿ ಮೊದಲೇ ಹೋಗಿ ಬಾಡಿಗೆ ಮನೆ ಹಿಡಿದು ಹಾಲೂ ಉಕ್ಕಿಸಿದ್ದರು.

ಆಯುಧಪೂಜೆಗೆ ಆಂಟೆನಾ ನಿಲ್ಲಿಸಿ ಕುಂಕುಮ ಇಟ್ಟೆವು. ಅಷ್ಟಗಲಕ್ಕೆ ಹಾರ ನಿಲ್ಲುವುದಿಲ್ಲವೆಂದು ನಾನೇ ಹತ್ತಿ, ಈ ತುದಿಯಿಂದ ಆ ತುದಿಗೆ ಕಬ್ಬಿಣದ ತಂತಿ ಬಿಗಿದು ಚೆಂಡುಹೂ ಕಟ್ಟಿದೆ. ಎಲ್ಲರೂ ಹೊಗಳಿದರು. ಮರುದಿನ ನಾನೇ ಹೂವೆಲ್ಲ ಕಿತ್ತು ಹಾಕಿದೆ, ಆಂಟೆನಾ ತಿರುಗತೊಡಗಿತು.

ಆ ವಾರದ ಪರೀಕ್ಷೆಯಲ್ಲಿ ಸಿಗ್ನಲ್ ಪಕ್ಕಕ್ಕೆ ಧಾರಾಳವಾಗಿ ಸೋರುತ್ತಿತ್ತು. ಮೂರು ಸಲ ಅಳೆದೆ. ನಾನು ಹಿಡಿದ ಮೊದಲ ದೋಷ, ಉಬ್ಬಿಹೋದೆ. 'ಆಂಟೆನಾದ ನಿರ್ವಹಣೆ ಸರಿಯಿಲ್ಲ' ಎಂದು ಬರೆದು ವಿಜಯವಾಡದ ಮೇಲಿನ ಕಚೇರಿಗೆ ಕಳಿಸಿದೆ. ಅಳೆಯಲು ಹೇಳಿದ್ದರೇ ಹೊರತು ನನ್ನ ಅಭಿಪ್ರಾಯ ಯಾರೂ ಕೇಳಿರಲಿಲ್ಲ.

ಎರಡು ದಿನದ ಮೇಲೆ ಹಿರಿಯರು ಆಂಟೆನಾ ನೋಡಲು ಹತ್ತಿ, ಕೈಯಲ್ಲಿ ತಂತಿ ಹಿಡಿದು ಇಳಿದರು.

"ಹೂ ತಗುದ್ಯಲ್ಲ, ತಂತಿ ಯಾಕಯ್ಯಾ ಬುಟ್ಟೆ?"

ಆಂಟೆನಾದ ಮುಖಕ್ಕೆ ಅಡ್ಡ ಬಿದ್ದ ಕಬ್ಬಿಣ ಸಿಗ್ನಲನ್ನು ಪಕ್ಕಕ್ಕೆ ಚೆದುರಿಸುತ್ತದೆ; ನಾನು ಮೂರು ಸಲ ಅಳೆದದ್ದು ನನ್ನದೇ ತಂತಿಯನ್ನು. "ತಪ್ಪಾತ್ರಿ ಸರ್. ಇವತ್ತ ಇನ್ನೊಂದು ಪತ್ರ ಬರೀತೇನ್ರಿ, ಕಟ್ಟಿದಾಂವ ನಾನ ಅಂತ."

"ಬರುದ್ರೆ ನಿನ್ ಕೆಲ್ಸಾನೇ ಹೋಯ್ತದೆ, ಪ್ರೊಬೇಷನ್ನು ನೀನು. ನಂದೇನು, ವರ್ಗ ತಾನೆ? ಸುಮ್ಕಿರು."

ಸುಮ್ಮನಿದ್ದೆ. ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

ವರ್ಗ ರದ್ದಾಯಿತು. ಅವರ ಹೆಂಡತಿ ಬೆಂಗಳೂರಿನ ಮನೆ ಬಿಟ್ಟು ವಾಪಸು ಬಂದರು. ನಮ್ಮ ಕಡೆಯ ಹುಡುಗನೆಂದು ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆದರು. ಮುದ್ದೆ, ಬಸ್ಸಾರು. ಬಡಿಸುತ್ತ ಕೇಳಿದರು:

"ಯಾರಪ್ಪಾ ಅದು, ರಿಪೋರ್ಟು ಬರ್ದೋನು? ನಿಂಗೆ ಗೊತ್ತಿರ್ಬೇಕಲ್ಲ. ಅವನ್ ಕೈ ಸೇದೋಗ!"

ನನ್ನ ಕೈ ತಟ್ಟೆಯಲ್ಲೇ ಇತ್ತು. ಹಿರಿಯರು ತಲೆ ಎತ್ತದೆ, "ಯಾರೋ. ಅಳ್ದಿದ್ದೇನೋ ಸರಿಯಾಗೇ ಇತ್ತು" ಎಂದರು.

ನಾನು ತುತ್ತು ಮುರಿಯದೆ ಬಸ್ಸಾರಿನಲ್ಲಿ ಬೆರಳಾಡಿಸುತ್ತ ಕೂತೆ. ಆಕೆ ನನ್ನ ಮುಖ ನೋಡಿ, "ಪಾಪ, ಸಂಕೋಚ" ಎನ್ನುತ್ತ ಇನ್ನೊಂದು ಮುದ್ದೆ ಇಟ್ಟರು. ಬೇಡ ಎನ್ನಲಿಲ್ಲ. ಅದನ್ನೂ ನುಂಗಿದೆ.